ಬೆರಳಗಲ ಅಂಚು

ಗಾಳಿಗೆ ಹೆದರಿ ಬೀದಿಗೆ ಹಗ್ಗ ಕಟ್ಟುವ ಊರು ಇದು, ಪುಂತಾ ಅರೇನಾಸ್.
ಚಿಲಿಯ ತುದಿ. ಆಚೆಗೊಂದು ಜಲಸಂಧಿ,
ಇನ್ನೊಂದಿಷ್ಟು ನೆಲ, ಆಮೇಲೆ ಬರೀ ಮಂಜುಗಡ್ಡೆ.
ಮೂವತ್ತೊಂದು ವರ್ಷ ಇಲ್ಲಿ ನಾನು
ಬೇರೆಯವರ ವರ್ಷಗಳನ್ನು ಕತ್ತಲಲ್ಲಿ ತೊಳೆದೆ.

ಎದೆಲ್ಮಿರಾ ರೀಲು ತರುತ್ತಿದ್ದದ್ದು ವರ್ಷಕ್ಕೆ ಒಂದು,
ಜನವರಿಯ ಮೊದಲ ವಾರ, ಕರವಸ್ತ್ರದಲ್ಲಿ ಸುತ್ತಿ,
ಮೊಟ್ಟೆ ತಂದ ಹಾಗೆ.
ಮೊದಲ ಚೌಕದಲ್ಲಿ ಕ್ರಿಸ್ಮಸ್: ಮೇಜಿನ ಮೇಲೆ ಕುರಿಮಾಂಸ,
ತೊಟ್ಟಿಲಲ್ಲಿ ಯಾಸ್ನಾ.
ಕೊನೆಯದರಲ್ಲೂ ಕ್ರಿಸ್ಮಸ್: ಅದೇ ಮೇಜು,
ಕುರ್ಚಿಯ ಕಾಲು ಹಿಡಿದು ನಿಂತ ಯಾಸ್ನಾ.
ನಡುವೆ ಉಣ್ಣೆ ಕತ್ತರಿಸುವ ದಿನ, ಒಂದು ಮದುವೆ, ಹೊಸ ಒಲೆ,
ಒಲೆಯ ಪಕ್ಕ ಗಂಡ ರುಪೆರ್ತೊ,
ಅದನ್ನು ತಾನೇ ಹೆತ್ತವನ ಹಾಗೆ.
ಜೂನ್ ಇಲ್ಲ. ಜುಲೈ ಇಲ್ಲ.
ಬೆಳಕು ಮುಖ ತೋರಿಸಿ ಓಡುವ ತಿಂಗಳಿಗೆ
ಯಾರು ಚೌಕ ಖರ್ಚು ಮಾಡುತ್ತಾರೆ?
ವರ್ಷಕ್ಕೆ ಇಪ್ಪತ್ನಾಲ್ಕೇ ಸಲ ರೆಪ್ಪೆ ಬಡಿದ ಮನೆ.

"ಒಂದೂ ಹಾಳಾಗಿಲ್ಲ ತಾನೆ?" ಎನ್ನುವಳು
ಲಕೋಟೆ ಬಿಚ್ಚುವ ಮೊದಲೇ.
ಹಾಳಾಗಿರುತ್ತಿತ್ತು. ಯಾರದೋ ತಲೆಯಿಲ್ಲದ ಮೈ,
ಲೆನ್ಸಿಗೆ ಅಡ್ಡ ಬಂದ ಹೆಬ್ಬೆರಳು.
ಆ ಹೆಬ್ಬೆರಳು ಅವಳದು.
ಹನ್ನೆರಡು ರೀಲುಗಳಲ್ಲಿ ಅವಳಿದ್ದದ್ದು ಅಷ್ಟೇ.

ಮೊನ್ನೆ ಯಾಸ್ನಾ ಬಂದಳು. ಕೈಯಲ್ಲಿ ಉಗುರಿನಷ್ಟು ಕಾರ್ಡು.
ಮಗನಿಗೆ ಪೆಂಗ್ವಿನ್ ದ್ವೀಪ ತೋರಿಸಿ ಬಂದಿದ್ದಾರೆ, ಒಂದೇ ಮಧ್ಯಾಹ್ನ,
ಸಾವಿರದ ನಾನೂರ ಹದಿನಾರು ಚಿತ್ರ.
"ಹುಡುಗನ ಕೈಗೆ ಕೊಟ್ಟೆ, ಒತ್ತಿದ್ದೇ ಒತ್ತಿದ್ದು.
ದುಡ್ಡೇನು ಹೋಗುತ್ತದೆಯೇ?
ಒಂದು ಒಳ್ಳೆಯದು ಆರಿಸಿ ಕೊಡಿ, ಗೋಡೆಗೆ."

ತೊಳೆಯುವುದೇನಿದೆ ಇದರಲ್ಲಿ. ಜರಡಿ ಹಿಡಿಯಬೇಕು, ಅಷ್ಟೆ.
ಒಂದೇ ಪೆಂಗ್ವಿನ್, ಅರವತ್ತಮೂರು ಸಲ!
ಬಾಣದ ಗುಂಡಿ ಒತ್ತುತ್ತ ಹೋದೆ, ಒಳಗೊಳಗೇ ಬೈಯುತ್ತ,
ಸಿಟ್ಟಿಗೆ ಬೆರಳು ಚುರುಕಾಯಿತು,
ಪೆಂಗ್ವಿನ್ ನಡೆಯತೊಡಗಿತು.
ಬಾಡಿಗೆ ಕೋಟು ತೊಟ್ಟ ಗುಮಾಸ್ತ
ಹೊತ್ತಾಯಿತೆಂದು ಕಚೇರಿಗೆ ಓಡುವ ಹಾಗೆ, ನೀರಿನ ಕಡೆಗೆ.

ಹಿಂದಕ್ಕೆ ಒತ್ತಿದೆ, ಇನ್ನೊಮ್ಮೆ ನಡೆಸೋಣವೆಂದು. ಆಗ ಕಂಡದ್ದು:
ಎಡ ಮೂಲೆಯಲ್ಲಿ, ಮಸುಕು ಮಸುಕಾಗಿ, ಎದೆಲ್ಮಿರಾ.
ತಲೆವಸ್ತ್ರ ಕಟ್ಟುತ್ತಾಳೆ. ಗಾಳಿ ಬಿಚ್ಚುತ್ತದೆ. ಕಟ್ಟುತ್ತಾಳೆ.
ಇಪ್ಪತ್ತೆಂಟರಲ್ಲಿ ಅದು ಬಾಯಿಗೇ ಬಂದು ಮೆತ್ತಿಕೊಂಡಿದೆ.
ಮೂವತ್ತರಲ್ಲಿ ನಗುತ್ತಿದ್ದಾಳೆ, ಒಬ್ಬಳೇ, ಗಾಳಿಯ ಜೊತೆ,
ಯಾರೂ ನಿಲ್ಲು ಎನ್ನದೆ, ಇತ್ತ ನೋಡು ಎನ್ನದೆ.
ನಲವತ್ತೊಂದರ ಹೊತ್ತಿಗೆ ಬರೀ ಬೆನ್ನು.

ಎಣಿಸುವ ಕೈಗೆ ಇದು ಸಿಗುತ್ತಿರಲಿಲ್ಲ.
ಹೇಳಲು ನನಗಿಷ್ಟವಿಲ್ಲ, ಆದರೂ.

"ಅಮ್ಮ ಹೇಗಿದ್ದಾರೆ?"
"ಮೊಣಕಾಲು," ಎಂದಳು ಯಾಸ್ನಾ, ಫೋನು ನೋಡುತ್ತ.
ಪರದೆ ಅವಳತ್ತ ತಿರುಗಿಸಿದೆ.
ಐವತ್ತೇಳನೆಯದು ಬೇಕಂತೆ, ಕೊಕ್ಕು ಚೆನ್ನಾಗಿ ಬಂದಿದೆಯಂತೆ.
"ಮೂವತ್ತು?" ಎಂದೆ.
"ಅದರಲ್ಲಿ ಕಣ್ಣು ಮುಚ್ಚಿಕೊಂಡಿದೆಯಲ್ಲ."
ನಿಜ, ಪೆಂಗ್ವಿನ್ ಕಣ್ಣು ಮುಚ್ಚಿತ್ತು.

ಐವತ್ತೇಳರಲ್ಲಿ ಎಡಕ್ಕೆ ಉಳಿದದ್ದು
ತಲೆವಸ್ತ್ರದ ಒಂದು ತುದಿ, ಹಾರುತ್ತಿರುವುದು.
ಅಂಚು ಕತ್ತರಿಸುವಾಗ ಬೆರಳಗಲ ಜಾಸ್ತಿ ಬಿಟ್ಟೆ.
ಫ್ರೇಮಿನಲ್ಲಿ ಕೂರದಿದ್ದರೆ
ಬಂದು ಬೈಯಲಿ.