ಟೊಳ್ಳು, ಗಟ್ಟಿ

ಆಫೀಸಿನವರು ಗೊತ್ತುಮಾಡಿದ ಮಾರ್ಗದರ್ಶಕ
ಹನ್ನೊಂದನೇ ಮಹಡಿಯವನು. ಕಾಫಿ ಕೊಡಿಸಿ
ಐದು ವರ್ಷದ ನಂತರ ಎಲ್ಲಿರುತ್ತೀ ಎಂದು ಕೇಳಿದ.
ಸೇತುವೆಯ ಕೆಳಗೆ, ಅಂದೆ.
ನಕ್ಕ. ಗಡಿಯಾರ ನೋಡಿಕೊಂಡ. ಆಮೇಲೆ
ನಮ್ಮಿಬ್ಬರ ಕ್ಯಾಲೆಂಡರುಗಳು ಒಂದರ ಮುಖ ಒಂದು ನೋಡಲೇ ಇಲ್ಲ.

ವಾಂಡಾ ಕೊವಾಲ್ಚಿಕ್ ಸಿಕ್ಕಿದ್ದು ಹಾಗಲ್ಲ.
ಪಿಟ್ಸ್‌ಬರ್ಗಿನ ಮಾರ್ಚ್ ತಿಂಗಳು, ಮೊನಾಂಗಹೀಲಾ ನದಿಯ ಮೇಲೆ
ಕೊರೆಯುವ ಗಾಳಿ. ಕ್ರೇನಿನ ತೊಟ್ಟಿಯಲ್ಲಿ ನಿಂತು
ಸೇತುವೆಯ ಹೊಟ್ಟೆಗೆ ಸುತ್ತಿಗೆಯಿಂದ ತಟ್ಟುತ್ತಿದ್ದಳು
ತಲೆ ಓರೆ ಮಾಡಿ, ಬಾಯಿ ತುಸು ತೆರೆದು,
ನಮ್ಮ ದೊಡ್ಡಮ್ಮ ಮಡಕೆ ಬಾರಿಸಿ ಕೊಳ್ಳುವ ಹಾಗೆ:
ಕುಂಬಾರ ಹೇಳುವುದೊಂದೂ ಕಿವಿಗೆ ಹಾಕಿಕೊಳ್ಳದೆ
ಮಡಕೆ ಹೇಳುವುದನ್ನಷ್ಟೇ ಕೇಳುತ್ತ.

ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯವನ್ನು ಕೆಳಗಿನಿಂದ ಕೂಗಿದೆ:
ನನಗೂ ಕಲಿಸಿಕೊಡುತ್ತೀರಾ?
ಎರಡು ಸಲ ಕೂಗಬೇಕಾಯಿತು.
ದಪ್ಪ ಸಾಕ್ಸ್ ಇದೆಯಾ? ಅಂದಳು.
ಇತ್ತು.
ಅಷ್ಟೇ ಸಂದರ್ಶನ.

ಪ್ರತಿ ಬುಧವಾರ ಬೆಳಗ್ಗೆ ಆರಕ್ಕೆ ಅವಳ ಟ್ರಕ್ಕು.
ಊರಿನ ತುಕ್ಕನ್ನೆಲ್ಲ ಓದುವವಳು
ತನ್ನ ಬಾಗಿಲಿನದನ್ನು ಓದುತ್ತಿರಲಿಲ್ಲ.
ಥರ್ಮಾಸಿನಲ್ಲಿ ಬೀಟ್ರೂಟ್ ಸಾರು. ನನ್ನ ಡಬ್ಬಿಯ ಚಿತ್ರಾನ್ನ ನೋಡಿ
ಇದು ನನ್ನ ಹೆಲ್ಮೆಟ್ಟಿನ ಬಣ್ಣ ಎಂದು ಅರ್ಧ ತಿಂದಳು.

ಮೊದಲ ತಿಂಗಳು ಸುತ್ತಿಗೆ ಮುಟ್ಟಗೊಡಲಿಲ್ಲ.
ಕಣ್ಣು ಮುಚ್ಚು. ಟಣ್. ಟಣ್. ಟಣ್. ಟೊಪ್.
ಎಲ್ಲಿ?
ಬೆರಳು ತೋರಿಸಿದೆ. ತಪ್ಪು.
ಎಲ್ಲಿ? ತಪ್ಪು.
ಮೇಲೆ ಲಾರಿಗಳು; ಒಂದೊಂದು ಹಾಯುವಾಗಲೂ ಇಡೀ ಊರಿನ ಭಾರ
ಗಳಿಗೆ ಹೊತ್ತು ನಮ್ಮ ನೆತ್ತಿಯ ಮೇಲೆ ಕೂತು ಎದ್ದು ಹೋಗುತ್ತಿತ್ತು.
ಎಲ್ಲಿ?
ನನ್ನ ಭಾಷೆಯಲ್ಲಿ ಇದಕ್ಕೆ ಟೊಳ್ಳು ಅನ್ನುತ್ತಾರೆ, ಅಂದೆ, ಸಿಟ್ಟಿನಲ್ಲಿ.
ನಾಲಗೆ ಮಡಿಸಲು ಹೆಣಗಿ ಸೋತಳು. ಬರೆದು ತೋರಿಸು ಅಂದಳು.
ಅಂದಿನಿಂದ ಅವಳ ಟಿಪ್ಪಣಿ ಪುಸ್ತಕದಲ್ಲಿ
ಪೊಳ್ಳು ಕಾಂಕ್ರೀಟಿಗೆಲ್ಲ ಒಂದೇ ಗುರುತು, ಸೊಟ್ಟ ಅಕ್ಷರ: ಟೊ.

ನನ್ನ ವರದಿಯ ಮೇಲೆ ಅವಳ ಕೆಂಪು ಪೆನ್ಸಿಲ್ಲು.
‘ಬಹುಶಃ’ ಹೊಡೆದು ಹಾಕಿದಳು. ‘ಇರಬಹುದು’ ಹೊಡೆದು ಹಾಕಿದಳು.
ಕಂಡದ್ದು ಬರೆ. ಕಾಣದ್ದಕ್ಕೆ ಕಾಣಲಿಲ್ಲ ಎಂದು ಬರೆ.
ನಡುವೆ ಸಂಕೋಚ ತುರುಕಬೇಡ, ಅದು ಭಾರ ಹೊರುವುದಿಲ್ಲ.
ಸಭೆಯಲ್ಲಿ ನನ್ನ ಮಾತಿನ ಮೇಲೆ ಮಾತು ಹೇರಿದವನನ್ನು
ಅವಳು ತಡೆಯಲಿಲ್ಲ. ಯಾಕೆಂದು ಟ್ರಕ್ಕಿನಲ್ಲಿ ಕೇಳಿದೆ.
ನಾನು ತಡೆದರೆ ಅದು ನನ್ನ ದನಿ, ಎಂದು ಗೇರು ಬದಲಿಸಿದಳು.
ಅದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ.

ಎರಡನೇ ವರ್ಷದ ಅಕ್ಟೋಬರ್. ನಾಲ್ಕನೇ ಕಂಬದ ತಲೆಯ ಹತ್ತಿರ
ತಟ್ಟಿ, ಗಟ್ಟಿ ಎಂದು ಮುಂದೆ ಸರಿದಳು.
ನನಗೆ ಕೇಳಿಸಿದ್ದು ಟೊಳ್ಳು.
ನಾಲಗೆಯ ತುದಿಗೆ ‘ಬಹುಶಃ’ ಬಂದು ನಿಂತಿತು,
ಅವಳೇ ಹೊಡೆದು ಹಾಕಿದ್ದು.
ನುಂಗಿದೆ. ಟೊಳ್ಳು, ಅಂದೆ.

ಇನ್ನೊಮ್ಮೆ ತಟ್ಟಿದಳು. ಮತ್ತೊಮ್ಮೆ. ಕೈಗವಸು ತೆಗೆದು
ಬರಿಯ ಅಂಗೈ ಇಟ್ಟಳು, ಕೂಸಿನ ಜ್ವರ ನೋಡುವಂತೆ.
ನದಿಯಲ್ಲಿ ಕಲ್ಲಿದ್ದಲಿನ ದೋಣಿಯೊಂದು ಹಾದು ಮುಗಿಯುವ ತನಕ ಮಾತಿಲ್ಲ.
ಎಡಗಿವಿ ಹೋಗಿ ನಾಲ್ಕು ವರ್ಷವಾಯಿತು, ಅಂದಳು.
ಬಲಗಡೆಯದೂ ಹೊರಟಿದೆ. ಮಣಿಕಟ್ಟಿನಿಂದ ಕೇಳುತ್ತಿದ್ದೇನೆ.
ಬುಧವಾರ ಬುಧವಾರ ನಿನ್ನನ್ನು ಯಾಕೆ ಕರೆತರುತ್ತೇನೆ ಅಂದುಕೊಂಡೆ?
ಸೀಮೆಸುಣ್ಣ ನನ್ನ ಕೈಗಿಟ್ಟಳು. ವೃತ್ತ ಎಳೆದೆ.
ಕೈ ನಡುಗಿ ಅದು ಹಲಸಿನ ತೊಳೆಯಂತಾಯಿತು.

ಕೊರೆದು ನೋಡಿದವರಿಗೆ ಏನು ಸಿಕ್ಕಿತೆಂಬುದು
ವರದಿಯ ಮೂವತ್ತೊಂದನೇ ಪುಟದಲ್ಲಿದೆ. ಇಬ್ಬರ ಸಹಿಯೂ ಇದೆ.

ನಿವೃತ್ತಿಯ ದಿನ ಸುತ್ತಿಗೆ ಕೊಟ್ಟಾಳೆಂದು ಒಳಗೊಳಗೇ ಕಾದಿದ್ದೆ.
ಕೊಡಲಿಲ್ಲ. ನಿನ್ನದು ನೀನು ಕೊಂಡುಕೋ,
ಹದಿನಾರು ಔನ್ಸು, ಮರದ ಹಿಡಿ, ಬಟ್ಲರ್ ಬೀದಿಯ ಅಂಗಡಿ,
ಮೀಸೆಯವನ ಹತ್ತಿರ ಚೌಕಾಸಿ ಮಾಡು.

ಮಾಡಿದೆ. ಎರಡು ಡಾಲರ್ ಇಳಿಸಿದ.
ಮನೆವರೆಗೂ ದೀಪದ ಕಂಬ, ಅಂಚೆಡಬ್ಬಿ, ಬೇಲಿಯ ಕಬ್ಬಿಣ,
ಯಾರದೋ ಮೆಟ್ಟಿಲು, ಎಲ್ಲ ತಟ್ಟುತ್ತ ಬಂದೆ.
ಸುತ್ತಿಗೆಗೆ ನನ್ನ ಕಿವಿಯ ಪರಿಚಯ ಇನ್ನೂ ಆಗಿರಲಿಲ್ಲ.
ಯಾರದೋ ನಾಯಿ ಬೊಗಳಿತು.
ಗಟ್ಟಿ.