ಪಿನ್ನು ಸರಿದಷ್ಟು

ಬೆಳಗ್ಗೆ ಏಳಕ್ಕೆ ಮಾಖೋತ್ಸೊ ಬರುತ್ತಾಳೆ,
ಗಮ್‌ಬೂಟಿನ ಕೆಸರನ್ನು ಹೊಸ್ತಿಲ ಕಲ್ಲಿಗೆ ಒರೆಸಿ
ಕೂರುತ್ತಾಳೆ ನನ್ನ ಗಂಟಲನ್ನೇ ನೋಡುತ್ತ.
ಹದಿನೇಳು ಗುಳಿಗೆ.
ಒಂದೊಂದು ಇಳಿಯುವಾಗಲೂ ಅವಳ ಗಂಟಲು ಅಲುಗುತ್ತದೆ,
ಕೂಸಿಗೆ ಉಣಿಸುವಾಗ ತಾಯಿಯ ಬಾಯಿ ತಾನೇ ತೆರೆಯುವ ಹಾಗೆ.
ನಾಲಿಗೆ ಎತ್ತು, ಅನ್ನುತ್ತಾಳೆ.
ಎತ್ತುತ್ತೇನೆ.
ಚೀಟಿಯಲ್ಲಿ ಒಂದು ಗೀಟು.
ಆಮೇಲೆ ಅವಳ ಹಂದಿಯ ಸುದ್ದಿ.

ಮೊದಮೊದಲು ಆ ಹಂದಿ ನನಗೆ ಬೇಡವಾಗಿತ್ತು.
ಕಕ್ಕದ ಹಾಗೆ ಹಲ್ಲು ಕಚ್ಚಿ
ಗೋಡೆಗೆ ತಿರುಗಿ ಮಲಗಿರುತ್ತಿದ್ದೆ.
ಈಗ ನಾನೇ ಕೇಳುತ್ತೇನೆ: ಎಷ್ಟು ಮರಿ?
ಆ ಕುಂಟ ಮರಿಗೆ ಹಾಲು ಸಿಕ್ಕಿತೇ?
ಡಾಕ್ಟರರ ಕಡತದಲ್ಲಿ ಇದಕ್ಕೊಂದು ಕಾಲಮ್ಮು ಇಲ್ಲ.

ಎಡಗಿವಿ ಹೋಯಿತು.
ಎಂಟು ತಿಂಗಳ ಇಂಜೆಕ್ಷನ್ನು ಅದನ್ನು ತಿಂದಿತು.
ಮೊದಲೇ ಹೇಳಿದ್ದರು, ಸಹಿ ಹಾಕಿದ್ದೆ.
ಪುಪ್ಪುಸಕ್ಕೆ ಬದಲು ಕಿವಿ,
ಚೌಕಾಸಿಗೆ ಉಸಿರಾದರೂ ಎಲ್ಲಿತ್ತು?
ಮಸೇರುವಿನ ಕಾರ್ಖಾನೆಯ ಹದಿನಾಲ್ಕನೇ ಸಾಲಿನಲ್ಲಿ
ಜೀನ್ಸಿನ ಹಿಂಜೇಬು ಹೊಲಿಯುತ್ತಿದ್ದೆ, ಎಡದ ಜೇಬು ಮಾತ್ರ,
ಬಲದ್ದು ಇನ್ನೊಬ್ಬಳ ಪಾಲು.
ಆ ಯಂತ್ರಗಳೆಲ್ಲ ಈಗ ಈ ಸತ್ತ ಕಿವಿಯೊಳಗೆ
ರಾತ್ರಿಪಾಳಿ ನಡೆಸುತ್ತವೆ,
ಸಂಬಳವಿಲ್ಲದೆ.

ಪೊಂತ್ಶೊ ಕಲಿತುಬಿಟ್ಟಿದ್ದಾಳೆ.
ಅಮ್ಮನ ಬಲಗಡೆಗೇ ಕೂರಬೇಕು,
ಕಿಟಕಿ ತೆರೆದಿರಬೇಕು, ಹಿಮ ಬಿದ್ದರೂ,
ತಟ್ಟೆ ಬೇರೆ, ಲೋಟ ಬೇರೆ.
ಕಫದಲ್ಲಿ ಇನ್ನೇನೂ ಇಲ್ಲವೆಂದು ಕಾಗದ ಬಂದು ಆರು ತಿಂಗಳು.
ಆದರೂ ನನ್ನ ಚಮಚ ಮುಟ್ಟುವ ಮುಂಚೆ
ಒಮ್ಮೆ ನನ್ನ ಮುಖ ನೋಡುತ್ತಾಳೆ.
ಏಳು ವರ್ಷದ ಮಗುವಿನ ತಪ್ಪೇನಿದೆ?
ಕಲಿಸಿದವಳು ನಾನೇ.

ಕಂಬಳಿ ನನ್ನ ಮದುವೆಯದು.
ಪಟ್ಟೆ ನೆಟ್ಟಗೆ ನಿಲ್ಲಬೇಕು ಜೋಳದ ದಂಟಿನಂತೆ,
ಅಡ್ಡ ಹೊದ್ದರೆ ಏಳಿಗೆ ಇಲ್ಲವೆಂದು
ಅತ್ತೆ ಬಂದವರೆದುರೇ ಗದರುತ್ತಿದ್ದಳು.
ಕಾಯಿಲೆ ಬಿದ್ದ ವರ್ಷ ಎರಡು ಸುತ್ತು ಸುತ್ತಿದರೂ ಇನ್ನೂ ಮಿಗುತ್ತಿತ್ತು,
ಪಿನ್ನು ಎದೆ ದಾಟಿ ಬೆನ್ನಿನ ಕಡೆಗೆ ಹೊರಟಿತ್ತು.
ಈಗ ತಿರುಗಿ ಬರುತ್ತಿದೆ, ತಿಂಗಳಿಗೆ ಒಂದು ಬೆರಳು.
ಆಸ್ಪತ್ರೆಯ ತಕ್ಕಡಿ ಬೇಕೆಂದಾಗ ಕೆಡುತ್ತದೆ,
ನಾನು ಉಣ್ಣೆಯ ಮೇಲಿನ ತೂತುಗಳನ್ನು ನಂಬುತ್ತೇನೆ.

ಕಳೆದ ಚಳಿಗಾಲ ಬಾಗಿಲವರೆಗೆ.
ಆಮೇಲೆ ಕುರಿದೊಡ್ಡಿಯ ಗೋಡೆ.
ಪೀಚ್ ಮರದ ಕೆಳಗೊಂದು ಕಲ್ಲು,
ಅಲ್ಲಿ ಕೂತು ಮುಂದಿನ ದಾರಿಯನ್ನು ಶತ್ರುವಿನಂತೆ ನೋಡುತ್ತಿದ್ದೆ.
ಈ ಆಗಸ್ಟಿನಲ್ಲಿ ಎಲೆಗೂ ಮುಂಚೆ ಹೂ ಬಂತು,
ಧೂಳುಗಾಳಿಗೆ ಅರ್ಧ ಉದುರಿತು,
ಮಂಗಳವಾರ ನಾನು ಕೊಳಾಯಿಯವರೆಗೆ ಹೋದೆ.

ಹೆಂಗಸರು ದಾರಿ ಬಿಟ್ಟರು, ಮುಂದೆ ಹೋಗು ಅಂದರು.
ಬೇಡವೆಂದೆ.
ಸಾಲಿನ ಕೊನೆಗೆ ಬಕೆಟ್ಟು ಇಟ್ಟು ನಿಂತೆ,
ಬಿಸಿಲಿಗೆ, ಎಲ್ಲರ ಹಾಗೆ ಬೇಸರಪಟ್ಟುಕೊಂಡು.
ಆಗ ಮೇಲಿನ ಕೇರಿಯ ಹುಡುಗಿಯೊಬ್ಬಳು
ಮೆಲ್ಲಗೆ ನನ್ನ ಮುಂದೆ ನುಸುಳಿದಳು.
ನಾನು ಕೂಗಾಡಿದೆ!
ಅವಳನ್ನು, ಅವಳ ಅಜ್ಜಿಯನ್ನು, ಅವರ ಮನೆಯ ಕತ್ತೆಯನ್ನೂ ಸೇರಿಸಿ
ಒಂದೇ ಉಸಿರಿಗೆ ಬೈದೆ,
ವಾಕ್ಯದ ನಡುವೆ ಎಲ್ಲೂ ಕೆಮ್ಮಲಿಲ್ಲ.
ಹುಡುಗಿ ಹಿಂದಕ್ಕೆ ಹೋದಳು.
ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು.

ಮನೆ ಮುಟ್ಟುವಷ್ಟರಲ್ಲಿ ಅರ್ಧ ನೀರು ಚೆಲ್ಲಿತ್ತು.
ಬುಧವಾರ ಏಳಲಾಗಲಿಲ್ಲ. ಗುರುವಾರವೂ.
ಮಾಖೋತ್ಸೊ ಗೀಟು ಎಳೆದಳು, ಏನೂ ಅನ್ನಲಿಲ್ಲ,
ಹಂದಿಯ ಸುದ್ದಿಯನ್ನು ಎರಡು ಸಲ ಹೇಳಿದಳು.

ಸಂಜೆ ಹುಳಿ ಬಂದ ಜೋಳದ ಅಂಬಲಿ.
ಅರ್ಧ ಕುಡಿದು ಬಟ್ಟಲು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದ್ದೆ.
ಹಾಸಿಗೆ ಅಲುಗಿತು. ತಿರುಗಿದರೆ
ಪೊಂತ್ಶೊ, ಎಡಗಡೆಗೆ ಕೂತು
ಏನನ್ನೋ ಉದ್ದಕ್ಕೆ ಹೇಳುತ್ತಿದ್ದಳು, ಶಾಲೆಯದೋ, ಕರುವಿನದೋ,
ಒಂದಕ್ಷರ ಕೇಳಿಸಲಿಲ್ಲ.
ಅವಳ ಬಾಯಲ್ಲಿ ನನ್ನ ಚಮಚವಿತ್ತು.