ಒಂಬತ್ತು ಇಪ್ಪತ್ತರ ಬಸ್ಸು

ಸ್ಟೇಟ್ ಬ್ಯಾಂಕಿನ ಬಸ್‌ಸ್ಟ್ಯಾಂಡಿನಲ್ಲಿ
ಕಬ್ಬಿನ ಗಾಣದ ಪಕ್ಕ ಒಂದು ಮುರುಕು ಸ್ಟೂಲು,
ಅದು ನನ್ನ ಆಫೀಸು.
ಕೈಯಲ್ಲಿ ಉದ್ದ ಪುಸ್ತಕ, ಕಿವಿಯ ಮೇಲೆ ಪೆನ್ನು.
ಒಂದು ನಿಮಿಷ ತಡವಾದರೆ
ಹಿಂದಿನ ಬಸ್ಸಿಗೆ ಇಪ್ಪತ್ತು ರೂಪಾಯಿ ದಂಡ.
ಟೈಮ್‌ಕೀಪರ್ ಬೆಳ್ಚಡ ಅಂದರೆ ಹಾಗೆ ಮಾರಾಯ್ರೆ,
ಇಪ್ಪತ್ತಾರು ವರ್ಷ ನಿಮಿಷಗಳನ್ನು
ಬಂಗುಡೆಯ ಹಾಗೆ ಎಣಿಸಿ ಪಾಲು ಹಾಕಿದವನು.

ಮೂವತ್ತೊಂದು ಸಿ, ಕೊಡಂಗೆಪದವಿಗೆ.
ಕಡೆಯ ಟ್ರಿಪ್ಪು ರಾತ್ರಿ ಒಂಬತ್ತು ಇಪ್ಪತ್ತಕ್ಕೆ,
ಪರ್ಮಿಟ್ಟಿನಲ್ಲಿ.
ಏಳೂ ಮುಕ್ಕಾಲಕ್ಕೇ ಆ ಬಸ್ಸು
ಪೆಟ್ರೋಲ್ ಬಂಕಿನ ಹಿಂದೆ ಗೋಡೆಗೆ ಮೂತಿಯಿಟ್ಟು ಮಲಗಿರುತ್ತದೆ,
ಹಿಂದಿನ ಸೀಟಿನಲ್ಲಿ ಕ್ಲೀನರ್ ಹುಡುಗ, ಅವನ ಮೊಬೈಲಿನ ಬೆಳಕು.
‘ಮೂರು ಜನಕ್ಕೆ ಡೀಸೆಲ್ ಸುಡಬೇಕಾ ಬೆಳ್ಚಡರೇ’ ಅಂದಿದ್ದರು ಧನಿಗಳು,
ವರ್ಷಕ್ಕೊಂದು ಶರ್ಟಿನ ಬಟ್ಟೆ ಕೊಡುವ ಒಳ್ಳೆಯ ಮನುಷ್ಯ.
‘ನೀವೊಂದು ಟಿಕ್ ಹಾಕಿಬಿಡಿ.’
ಹಾಕಿದೆ.
ಟಿಕ್ಕಿಗೆ ಏನು ಭಾರ ಹೇಳಿ,
ಬಂಗುಡೆಯ ಒಂದು ಮುಳ್ಳಿನಷ್ಟೂ ಇಲ್ಲ.

ಮೊನ್ನೆ ಪಾಲಿಕೆಯಲ್ಲಿ ಬಸ್ಸಿನ ಅಹವಾಲು ಸಭೆ.
ಎಸಿ ಜೋರು.
ಮುಂದಿನ ಸಾಲಿಗೆ ಹುರಿದ ಗೇರುಬೀಜ, ಹಿಂದಿನವರಿಗೆ ಗ್ಲುಕೋಸ್ ಬಿಸ್ಕತ್ತು.
ಪರದೆಯ ಮೇಲೆ ನೀಲಿ ಎಲೆಕ್ಟ್ರಿಕ್ ಬಸ್ಸೊಂದು
ಸದ್ದಿಲ್ಲದೆ ಪಂಪ್‌ವೆಲ್ ದಾಟಿತು.
ಕಿಟಕಿಯಲ್ಲಿದ್ದವರೆಲ್ಲ ನಗುತ್ತಿದ್ದರು,
ಒಬ್ಬರ ಕೈಯಲ್ಲೂ ಚೀಲವಿರಲಿಲ್ಲ.
‘ಎರಡೇ ವರ್ಷ, ನಮ್ಮೂರೂ ಸಿಂಗಾಪುರ’ ಎಂದು
ಕಾರ್ಪೊರೇಟರ್ ಕೊಟ್ಟಾರಿಯವರು ಚಪ್ಪಾಳೆ ಶುರು ಮಾಡಿದರು.

ಆಗ ಎದ್ದವಳು ಹಿಲ್ಡಾ ಕುಟಿನ್ಹೊ,
ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ನೋಡುವವಳು, ಡ್ಯೂಟಿ ಬಿಡುವುದು ಒಂಬತ್ತಕ್ಕೆ.
ಪಕ್ಕದಲ್ಲಿ ಬಟ್ಟೆ ಅಂಗಡಿಯ ಮೈಮೂನ.
ಆಚೆ ಬೇಬಿ ಪುತ್ರನ್, ಮೀನಿನ ಬುಟ್ಟಿಯನ್ನು ವಾಚ್‌ಮನ್ ಹೊರಗೇ ಇಡಿಸಿದ್ದ.
ಅದಕ್ಕೆ ಬಸ್ಸಿನಲ್ಲೂ ಜಾಗವಿಲ್ಲ, ಸಭೆಯಲ್ಲೂ ಇಲ್ಲ.
ಧನಿಗಳು ಹೇಳಿದ ಮೂರು ಜನ ಇವರೇ ಇರಬೇಕು.

ಹಿಲ್ಡಾ ಸಿಂಗಾಪುರದ ಮಾತೆತ್ತಲಿಲ್ಲ.
‘ರಿಕ್ಷಾಕ್ಕೆ ಇನ್ನೂರೈವತ್ತು ಸರ್, ನಾನು ಅರ್ಧ ದಿನ ದುಡಿಯುವುದು ರಿಕ್ಷಾಕ್ಕೆ.
ಒಂಬತ್ತು ಇಪ್ಪತ್ತರ ಬಸ್ಸು ಬಿಡಿ, ಅಷ್ಟು ಸಾಕು.’
ಸಾಹೇಬರು ಫೈಲು ತಿರುವಿದರು.
‘ಬಿಡ್ತಾ ಇದ್ದಾರಲ್ಲಮ್ಮ, ದಿನಾ. ಇಲ್ಲಿ ಉಂಟು ನೋಡಿ.’
ನನ್ನ ಪುಸ್ತಕದ ಜೆರಾಕ್ಸು.
ನನ್ನ ಅಕ್ಷರ, ನನ್ನ ಟಿಕ್ಕು,
ಮಾರ್ಚಿನಲ್ಲಿ, ಏಪ್ರಿಲಿನಲ್ಲಿ,
ಊರೇ ಬಂದ್ ಇದ್ದ ದಿನವೂ ಒಂದು.

‘ಹಾಗಾದರೆ’ ಅಂದಳು ಹಿಲ್ಡಾ ಮೆಲ್ಲಗೆ,
‘ಅದರಲ್ಲಿ ದಿನಾ ಯಾರು ಹೋಗುತ್ತಾರೆ ಸರ್?’

ಯಾರೋ ನಕ್ಕರು. ಗೇರುಬೀಜದ ತಟ್ಟೆ ಕೈಯಿಂದ ಕೈಗೆ ಸರಿಯಿತು.
ಪರಿಶೀಲಿಸಲಾಗುವುದು ಎಂದು ಮಿನಿಟ್ಸಿನಲ್ಲಿ ಬರೆದುಕೊಂಡರು.
ಅದೂ ಮಿನಿಟ್ಸಿನದೇ ಪುಸ್ತಕ,
ತಡವಾದರೆ ಮಾತ್ರ ದಂಡವಿಲ್ಲ.
ನಾನು ಹಿಂದಿನ ಸಾಲಿನಲ್ಲಿ ಬಿಸ್ಕತ್ತು ಹಿಡಿದುಕೊಂಡೇ ಇದ್ದೆ.
ಏಳಬೇಕಿತ್ತು.
ಏಳಲಿಲ್ಲ.

ನಿನ್ನೆ ರಾತ್ರಿ ಒಂಬತ್ತು ಇಪ್ಪತ್ತು.
ಗಾಣದವನು ಕಬ್ಬಿನ ಜಲ್ಲೆ ಗುಡಿಸುತ್ತಿದ್ದ.
ಉದ್ಘಾಟನೆಯ ಮಾರನೇ ದಿನವೇ ದೀಪ ಕೆಟ್ಟ ಹೊಸ ಶೆಲ್ಟರಿನಲ್ಲಿ
ಹನ್ನೊಂದು ಜನ. ಎಣಿಸಿದೆ, ಚಾಳಿ.
ಬುಟ್ಟಿಯನ್ನು ಕಾಲಿನ ನಡುವೆ ಇಟ್ಟುಕೊಂಡು ಬೇಬಿ ಕೇಳಿದಳು,
‘ಬಸ್ಸ್ ಉಂಡಾ ಅಣ್ಣಾ?’

ಕಿವಿಯಿಂದ ಪೆನ್ನು ತೆಗೆದೆ.
ಬರಲಿಲ್ಲ ಎಂದು ಬರೆದೆ.
ಟಿಕ್ಕಿಗೆಂದು ಗೀಟು ಹಾಕಿದ ಚೌಕದಲ್ಲಿ ಅಷ್ಟು ಜಾಗವಿಲ್ಲ,
ಅಕ್ಷರ ಗೆರೆ ದಾಟಿ ಸುರತ್ಕಲ್ಲಿನ ಬಸ್ಸಿನ ಮನೆಗೂ ಹೋಯಿತು.
ಕೆಳಗೆ, ಕಾದವರು ಹನ್ನೊಂದು.
ನಾಳೆ ಈ ಸ್ಟೂಲಿನಲ್ಲಿ ಯಾರು ಕೂರುತ್ತಾರೋ.

‘ಇಲ್ಲ’ ಅಂದೆ ಬೇಬಿಗೆ,
ಇಷ್ಟು ವರ್ಷಕ್ಕೆ ಮೊದಲ ಸಲ.
ಅವಳಿಗೇನೂ ಆಶ್ಚರ್ಯವಾಗಲಿಲ್ಲ.
ಸ್ವಲ್ಪ ಸರಿದು
ಬೆಂಚಿನಲ್ಲಿ ನನಗೂ ಜಾಗ ಮಾಡಿಕೊಟ್ಟಳು.